ಡಬ್ಬಿಯ ಮೇಲಿನ ಕೋಳಿ

ಇಸವಿ ೧೯೩೬. ಆಗ ನನ್ನ ವಯಸ್ಸು ನಾಲ್ವತ್ತೊಂಬತ್ತು. ಇಪ್ಪತ್ತಾರು ವರ್ಷ ಕನ್ನಡ ಶಾಲೆಯಲ್ಲಿ ಪಾಠ ಹೇಳಿ, ಗಂಟಲು ಕೈಕೊಟ್ಟದ್ದರಿಂದ ಅವಧಿಗೆ ಮೊದಲೇ ಕೆಲಸ ಬಿಟ್ಟಿದ್ದೆ. ಆ ವರ್ಷದ ಕೊನೆಯಲ್ಲಿ ನನ್ನ ಅಕ್ಕನೊಡನೆ ಪರದೇಶಕ್ಕೆ ಹೋಗಿ ಬಂದೆ.

ಹೀಗೆ ಹೇಳಿದಾಗಲೆಲ್ಲ ಧಾರವಾಡದ ಗೆಳೆಯರು ನಗುತ್ತಾರೆ. ಏಕೆಂದರೆ ನಾವು ಹೋದದ್ದು ಗೋವೆಗೆ. "ಮುಂಜಾನೆ ಕಟಗೊಂಡ ರೊಟ್ಟಿ ಹಳಸೂದ್ರೊಳಗ ಮುಟ್ಟತೀರಿ, ಅದೆಂಥಾ ಪರದೇಶರೀ ಮಾಸ್ತರ?" ಎನ್ನುತ್ತಾರೆ. ಬೇರೆ ಬಾವುಟ, ಬೇರೆ ನಾಣ್ಯ, ಬೇರೆ ಸರಕಾರ, ಗಡಿಯಲ್ಲಿ ಗಂಟು ಬಿಚ್ಚಿಸುವ ಅಧಿಕಾರಿ: ಈ ನಾಲ್ಕು ಇದ್ದಲ್ಲಿ ಪರದೇಶವಿದೆ. ದೂರವೆಂಬುದು ಅದರ ಲಕ್ಷಣಗಳಲ್ಲಿ ಸೇರುವುದಿಲ್ಲ. ನಗುವವರು ಈ ನಾಲ್ಕರಲ್ಲಿ ಯಾವುದು ತಪ್ಪೆಂದು ತೋರಿಸಲಿ.

ಧಾರವಾಡ ನಿಲ್ದಾಣ

ಪ್ರವಾಸದ ಮೂಲ ಅಕ್ಕ. ಗುರುಬಸವ್ವ ನನಗಿಂತ ಒಂಬತ್ತು ವರ್ಷ ಹಿರಿಯಳು. ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದವಳು. ಅವಳಿಗೆ ಅಕ್ಷರ ಬಾರದು, ಆದರೆ ನೇಮ ಬಹಳ. ನಮ್ಮಲ್ಲಿ ಕೊರಳಲ್ಲಿ ಧರಿಸಿದ ಇಷ್ಟಲಿಂಗಕ್ಕೆ ಅರ್ಪಿಸಿಯೇ ಉಣ್ಣಬೇಕೆಂಬುದು ಎಲ್ಲರೂ ಬಲ್ಲ ಮಾತು. ಎಲ್ಲರೂ ನಡೆಸುವ ಮಾತಲ್ಲ. ಅಕ್ಕ ಮಾತ್ರ ಒಂದು ಕಾಳು ಕಡಲೆಯನ್ನೂ ಲಿಂಗಕ್ಕೆ ತೋರಿಸದೆ ಬಾಯಿಗೆ ಹಾಕಿದವಳಲ್ಲ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯದು. ನಾಲ್ಕು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಮದುವೆಯಲ್ಲಿ ಅವಳು ಬಿಸ್ಕೀಟು ತಿಂದಳು. ತಿಂದ ಮೇಲೆ ಯಾರೋ ಒಬ್ಬ ಹುಡುಗಾಟಿಕೆಯವನು, "ಅತ್ಯಾ, ಅದರಾಗ ತತ್ತಿ ಇರತೈತಿ" ಎಂದು ನಕ್ಕ. ಮೊಟ್ಟೆ ಇತ್ತೋ ಇಲ್ಲವೋ ಇಂದಿಗೂ ಗೊತ್ತಿಲ್ಲ. ತಾನು ತಿಂದದ್ದಕ್ಕಿಂತ ಲಿಂಗಕ್ಕೆ ಅರ್ಪಿಸಿದೆನಲ್ಲ ಎಂಬುದೇ ಅವಳ ಸಂಕಟ. ಮಠಕ್ಕೆ ಹೋಗಿ ಸ್ವಾಮಿಗಳ ಕಾಲಿಗೆ ಬಿದ್ದಳು, ಐದು ದಿನ ನೀರಿನ ಮೇಲೆ ಇದ್ದಳು. ಆರನೆಯ ದಿನ ನೆಲಕ್ಕೆ ಬಿದ್ದವಳು ಏಳಲು ಒಂದು ತಿಂಗಳು ಬೇಕಾಯಿತು. "ಇನ್ನೊಮ್ಮೆ ಹೀಗೆ ಮಾಡಿದರೆ ಎದೆ ತಡೆಯುವುದಿಲ್ಲ" ಎಂದು ವೈದ್ಯರು ನನಗೆ ಹೇಳಿದರು. ಆ ಮಾತನ್ನು ನಾನು ಮರೆತಿರಲಿಲ್ಲ.

ಅಂಥ ಅಕ್ಕನಿಗೆ ಸಮುದ್ರ ನೋಡುವ ಆಸೆ ಹುಟ್ಟಿತು. ನನ್ನ ಹಳೆಯ ವಿದ್ಯಾರ್ಥಿ ಚನ್ನಬಸಪ್ಪ ಹುಬ್ಬಳ್ಳಿಯ ಅರಳೆ ವ್ಯಾಪಾರಿಯೊಬ್ಬರ ಗುಮಾಸ್ತನಾಗಿ ಮಾರ್ಮಗೋವಾ ಬಂದರದಲ್ಲಿದ್ದ. ಅವನು ಕಾಗದ ಬರೆದು ಕರೆದ. ಕಾಗದದಲ್ಲಿ ತಪ್ಪು ನಾಲ್ಕಿದ್ದವು, ಅಕ್ಕರೆ ನಿಜವಾಗಿತ್ತು. ನಾನು ಎರಡನ್ನೂ ಗುರುತಿಸಿಕೊಂಡು ಒಪ್ಪಿದೆ.

ಕಟಕ ರೊಟ್ಟಿ, ಶೇಂಗಾ ಚಟ್ನಿ, ಮಾದಲಿ, ಹದಿನೈದು ಶೇಂಗಾ ಹೋಳಿಗೆ, ಒಂದು ತಂಬಿಗೆ ನಮ್ಮ ಬಾವಿಯ ನೀರು, ನಾಲ್ಕು ಉಂಡೆ ವಿಭೂತಿ ಕಟ್ಟಿಕೊಂಡೆವು. ಪರದೇಶದ ನೀರನ್ನು ನಂಬಬಾರದೆಂಬುದು ನನ್ನ ಅಭಿಪ್ರಾಯ.

ಕೊಲೆಂ

ಗಾಡಿ ಘಟ್ಟ ಇಳಿದು ಹಾಲಿನಂತೆ ಸುರಿಯುವ ಅಬ್ಬಿಯ ಪಕ್ಕದಲ್ಲಿ ಹಾಯ್ದಾಗ ಒಳಗಿದ್ದವರೆಲ್ಲ ಕಿಟಕಿಗೆ ಮುಗಿಬಿದ್ದರು. ನಾನು ಬೀಳಲಿಲ್ಲ, ಎಲ್ಲರೂ ಒಂದು ಕಡೆ ನೋಡುವಾಗ ಇನ್ನೊಂದು ಕಡೆ ಗಂಟು ಹೋಗುತ್ತದೆ.

ಸಂಶಯಪಡುವ ಕೆಲಸವನ್ನು ನಾನು ಪ್ರಾರಂಭಿಸುವ ಮೊದಲೇ ಪರದೇಶ ಪ್ರಾರಂಭಿಸಿತು. ಗಡಿಯ ಕೊಲೆಂ ನಿಲ್ದಾಣದಲ್ಲಿ ಜಕಾತಿಯವರು ಎಲ್ಲರನ್ನೂ ಇಳಿಸಿ ಗಂಟು ಬಿಚ್ಚಿಸಿದರು. ಬಿಸಿಲಿಗೆ ಕೆಂಪಾದ ಮೀಸೆಯ ಒಬ್ಬ ಅಧಿಕಾರಿ ನಮ್ಮ ವಿಭೂತಿ ಉಂಡೆಯನ್ನು ಕೈಯಲ್ಲಿ ಹಿಡಿದು, ಮೂಸಿ, ಬೆಳಕಿಗೆ ತೋರಿಸಿ, ತುದಿಯನ್ನು ಮುರಿದು ನಾಲಿಗೆಗೆ ಇಟ್ಟುಕೊಂಡ. ಯಾವ ಮಾದಕ ವಸ್ತುವೆಂದು ತಿಳಿದನೋ ಕಾಣೆ. ಅವನ ಮುಖ ಹುಳಿ ಮಾವಿನಕಾಯಿ ಕಚ್ಚಿದವನ ಮುಖದಂತಾಯಿತು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಹಣಿಗೆ ಹಚ್ಚೂದನ್ನ ಹೊಟ್ಟಿಗೆ ಹಚ್ಚಿಕೊಂಡ. ಹೆಂಗರ ಆಗಲಿ, ಪಾವನ ಆದ ಬಿಡು" ಎಂದಳು.

ಆಮೇಲೆ ಅವನ ಕಣ್ಣು ಅವಳ ಕೊರಳಿನ ಬೆಳ್ಳಿಯ ಕರಡಿಗೆಯ ಮೇಲೆ ಬಿತ್ತು. ಲಿಂಗವಿರುವ ಆ ಸಂಪುಟವನ್ನು ತೆರೆಯುವಂತೆ ಸನ್ನೆ ಮಾಡಿದ. ಅಕ್ಕ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. "ಇವಗ ಹೇಳೋ ತಮ್ಮಾ. ಮುಟ್ಟಿದ ಕೈ ಮುರೀತೀನಿ ಅಂತ ಅವರ ಭಾಷಾದಾಗ ಹೇಳು." ನನಗೆ ಅವರ ಭಾಷೆ ಬಾರದು. ಬೇಕಾಗಲೂ ಇಲ್ಲ. ಅವನು ಅವಳ ಕಣ್ಣನ್ನು ನೋಡಿ, ಟೋಪಿ ಸರಿಮಾಡಿಕೊಂಡು, ಮುಂದಿನವರ ಗಂಟಿಗೆ ಹೋದ.

ಮಾರ್ಮಗೋವಾ

ಚನ್ನಬಸಪ್ಪ ನಿಲ್ದಾಣಕ್ಕೆ ಬಂದಿದ್ದ. ಅವನ ಬಿಡಾರ ಬಂದರದಿಂದ ಸ್ವಲ್ಪ ಮೇಲೆ, ಫಿಲೊಮೆನಾಬಾಯಿ ಎಂಬ ಕ್ರೈಸ್ತ ಹೆಂಗಸಿನ ಮನೆಯ ಹಿಂಬದಿಯಲ್ಲಿತ್ತು. ಎರಡು ಕೋಣೆ, ಪ್ರತ್ಯೇಕ ಒಲೆ. ಅಕ್ಕ ಒಲೆಯನ್ನು ಸಗಣಿ ಹಾಕಿ ಸಾರಿಸಿ ತನ್ನದಾಗಿ ಮಾಡಿಕೊಂಡಳು.

ಮರುದಿನ ಸಮುದ್ರ ತೋರಿಸಿದೆವು. ಅಕ್ಕ ಬಹಳ ಹೊತ್ತು ನಿಂತು ನೋಡಿದಳು. ಒಂದು ಬೊಗಸೆ ತೆಗೆದು ಬಾಯಿಗೆ ಹಾಕಿ ಉಗಿದಳು.

"ಇಷ್ಟ ನೀರ ಐತಿ, ಕುಡ್ಯಾಕ ಒಂದ ಗುಟುಕ ಇಲ್ಲ. ಜಿಪುಣ ಸಾವಕಾರನ ಮನಿ ಆತ ಇದು."

ಚನ್ನಬಸಪ್ಪ ನಕ್ಕ. "ಹಂಗ ಅನಬ್ಯಾಡ್ರಿ ಅವ್ವಾರ. ನಮ್ಮ ಸಾವಕಾರ್ರ ಅರಳಿ ಎಲ್ಲಾ ಈ ನೀರಿನ ಮ್ಯಾಲೇ ಹೋಗತೈತಿ."

ಅಲ್ಲಿಯ ಜನರ ರೀತಿಗಳನ್ನು ಬರೆದಿಟ್ಟುಕೊಂಡೆ. ಬೆಳಿಗ್ಗೆ ಒಬ್ಬ ಕೋಲಿನ ತುದಿಯ ಗೆಜ್ಜೆ ಕುಟ್ಟುತ್ತ ರೊಟ್ಟಿ ಮಾರಲು ಬರುತ್ತಾನೆ. ಆ ಗೆಜ್ಜೆಯ ಸದ್ದಿಗೆ ನಾನು ಎರಡು ದಿನ ಜಂಗಮರು ಬಂದರೆಂದು ಎದ್ದು ಕೂತೆ. ಮಧ್ಯಾಹ್ನ ಊರಿಗೆ ಊರೇ ಬಾಗಿಲಿಕ್ಕಿ ಮಲಗುತ್ತದೆ. ನಮ್ಮಲ್ಲಿ ಮಧ್ಯಾಹ್ನ ಮಲಗುವವನನ್ನು ರೋಗಿಯೆನ್ನುತ್ತೇವೆ, ಇಲ್ಲವೆ ಇನಾಮದಾರನೆನ್ನುತ್ತೇವೆ. ಹಂದಿ ಅಂಗಳದಲ್ಲಿ ಮನೆಯವರಂತೆ ಓಡಾಡುತ್ತದೆ. ಈ ಕಾರಣದಿಂದ ನಾನು ಚಪ್ಪಲಿಯನ್ನು ಗೂಟಕ್ಕೆ ತೂಗುಹಾಕುತ್ತಿದ್ದೆ.

ನತಾಳದ ಬೆಳಗು

ನತಾಳವೆಂದರೆ ಅವರ ಕ್ರಿಸ್ತಜಯಂತಿ. ಆ ಬೆಳಿಗ್ಗೆ ಫಿಲೊಮೆನಾಬಾಯಿ ಹೊಸ ಬಟ್ಟೆ ಉಟ್ಟು, ಕಸೂತಿಯ ಬಟ್ಟೆ ಮುಚ್ಚಿದ ತಾಟು ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅವಳಿಗೆ ಬರುವ ಕನ್ನಡ ಹತ್ತು ಮಾತು: ಬಾ, ಹೋಗು, ನೀರು, ತಿನ್ನು, ಹೀಗೆ. ಅಕ್ಕನಿಗೆ ಬರುವ ಕೊಂಕಣಿ ಒಂದೂ ಇಲ್ಲ. ಆದರೂ ಇಬ್ಬರೂ ಮೂರು ದಿನದಿಂದ ಕಟ್ಟೆಯ ಮೇಲೆ ಕೂತು ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಏನು ಮಾತನಾಡುತ್ತಿದ್ದರೆಂದು ನನಗೆ ತಿಳಿದಿರಲಿಲ್ಲ.

ತಾಟಿನಲ್ಲಿ ಬಾಳೆಹಣ್ಣು, ತೆಂಗಿನಕಾಯಿ, ಇನ್ನೇನೋ ಕೆಲವು ತಿಂಡಿ, ಅದರ ಮಧ್ಯೆ ಬೀಗಮುದ್ರೆ ಒಡೆಯದ ಒಂದು ತಗಡಿನ ಡಬ್ಬಿ. ಅವಳ ತಮ್ಮ ಇನಾಸ್ ಹಡಗಿನಲ್ಲಿ ಅಡಿಗೆಯವನು. ರಜೆಗೆ ಬಂದಾಗ ಯೂರೋಪಿನಿಂದ ತಂದದ್ದು. ನಾನು ಡಬ್ಬಿಯನ್ನು ತಕ್ಷಣ ಎತ್ತಿಕೊಂಡು ಕಿಟಕಿಯ ಬೆಳಕಿಗೆ ಹೋದೆ. ಓದುವ ವಸ್ತು ಕಂಡಾಗ ಮೊದಲು ಓದಬೇಕು, ಆಮೇಲೆ ತೆರೆಯಬೇಕು.

ಅಕ್ಷರಗಳು ಇಂಗ್ಲಿಷಿನವೇ, ಮಾತುಗಳು ಇಂಗ್ಲಿಷಿನವಲ್ಲ. 'ಚಾಕೊಲೇಟ್' ಎಂಬಂಥದ್ದೂ 'ವೇಫರ್' ಎಂಬಂಥದ್ದೂ ಗುರುತಿಗೆ ಸಿಕ್ಕವು. ಉಳಿದದ್ದು ಏನೂ ತಿಳಿಯಲಿಲ್ಲ. ಮುಚ್ಚಳದ ಮೇಲೆ ಬಣ್ಣದ ಚಿತ್ರ: ಕೆನ್ನೆ ಕೆಂಪಾದ ಒಬ್ಬ ಹುಡುಗಿ, ಹುಲ್ಲಿನ ಮನೆ, ಮತ್ತು ಅವಳ ಕಾಲ ಬಳಿ ಒಂದು ಬಿಳಿ ಕೋಳಿ.

ನಾನು ಕಿಟಕಿಯ ಕಡೆ ಮುಖ ಮಾಡಿ ಕೂತು ಎಲ್ಲ ಅಕ್ಷರಗಳನ್ನೂ ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡೆ. ಹಿಂದೆ ಹೆಂಗಸರ ನಗು ಕೇಳುತ್ತಿತ್ತು. ಬರೆದು ಮುಗಿದಾಗ ಅಕ್ಕ ಬಂದು ಡಬ್ಬಿ ಕಸಿದುಕೊಂಡಳು. ಮುದ್ರೆ ಒಡೆದಳು. ಒಳಗೆ ಬೆಳ್ಳಿಯ ಕಾಗದ, ಅದರೊಳಗೆ ಕಂದು ಬಣ್ಣದ ತೆಳ್ಳನೆಯ ತುಂಡುಗಳು. ನಡುವೆ ಕಪ್ಪು ಲೇಪ, ಮೇಲೆ ಕೆಳಗೆ ಹಪ್ಪಳದಂಥ ಹಾಳೆ. ಚಿರೋಟಿಯನ್ನು ಅಳತೆಪಟ್ಟಿ ಇಟ್ಟು ಕತ್ತರಿಸಿದಂತೆ. ಅಷ್ಟು ಸರಿಯಾದ ಮೂಲೆಗಳನ್ನು ನಾನು ತಿಂಡಿಯಲ್ಲಿ ಎಂದೂ ಕಂಡಿರಲಿಲ್ಲ. ಅದೂ ನನಗೆ ಸರಿಕಾಣಲಿಲ್ಲ.

ನಾನು ಬೇಡವೆನ್ನುವಷ್ಟರಲ್ಲಿ ಅಕ್ಕ ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕಿದಳು. ಕಟಕ್ಕೆಂದು ಸದ್ದಾಯಿತು. ಕಣ್ಣು ಮುಚ್ಚಿದಳು.

"ಅಯ್ಯ ನಮ್ಮಪ್ಪಾ! ಕಡೀ ಮುಂದ ಹಪ್ಪಳ, ನುಂಗೂ ಮುಂದ ಬೆಣ್ಣಿ! ತಮ್ಮಾ, ತೊಗೊ."

"ನನಗೆ ಬೇಡ."

"ಯಾಕೋ?"

"ಹೊಟ್ಟೆ ಸರಿಯಿಲ್ಲ."

ಜೀವನದಲ್ಲಿ ನಾನು ಹೇಳಿದ ಸುಳ್ಳುಗಳು ಕಡಿಮೆ. ಇದು ಅದರಲ್ಲಿ ಒಂದು. ಫಿಲೊಮೆನಾಬಾಯಿ "ತಿನ್ನು, ತಿನ್ನು, ಬರೆಂ ಆಸಾ" ಎಂದು ಒತ್ತಾಯಿಸಿದಳು; ಒಳ್ಳೆಯದಿದೆ ಎಂದು ಅರ್ಥ. ಚನ್ನಬಸಪ್ಪ ಮೂರು ತಿಂದ. ಅಕ್ಕ ಮತ್ತೊಂದು, ಮತ್ತೊಂದು ಎಂದು ನಾಲ್ಕು ತಿಂದಳು, ನಾಲ್ಕನ್ನೂ ಲಿಂಗಕ್ಕೆ ಅರ್ಪಿಸಿ. ಖಾಲಿ ತಾಟು ಹಿಂದೆ ಕಳಿಸಬಾರದೆಂದು ಅದರಲ್ಲಿ ಶೇಂಗಾ ಹೋಳಿಗೆ ಇಟ್ಟು ಕೊಟ್ಟಳು. ನಾನು ಕೋಳಿಯನ್ನೇ ನೋಡುತ್ತಿದ್ದೆ.

ಔಷಧದಂಗಡಿ

ನನ್ನ ಸಂಶಯ ಆಧಾರವಿಲ್ಲದ್ದಲ್ಲ. ಕೊಟ್ಟವರ ಮನೆಯಲ್ಲಿ ಮೊಟ್ಟೆ ನಿತ್ಯದ ಆಹಾರ. ತಂದವನು ಹಡಗಿನ ಅಡಿಗೆಯವನು. ಡಬ್ಬಿಯ ಮೇಲೆ ಕೋಳಿ. ಇಷ್ಟನ್ನು ಒಟ್ಟಿಗೆ ಇಟ್ಟರೆ ಏನು ನಿಗಮನ ಬರುತ್ತದೆ?

ಆದರೆ ಅಕ್ಕನಿಗೆ ಹೇಳುವಂತಿರಲಿಲ್ಲ. ಬರಿಯ ಸಂಶಯವನ್ನು ಹೇಳಿದರೂ ಅವಳು ಅನ್ನ ಬಿಡುತ್ತಾಳೆ. ವೈದ್ಯರ ಮಾತು ಕಿವಿಯಲ್ಲಿತ್ತು. ಮೊಟ್ಟೆ ಇಲ್ಲವೆಂದು ಖಚಿತವಾದರೆ ಹೇಳುವ ಅಗತ್ಯವೇ ಇಲ್ಲ. ಇದೆಯೆಂದು ಖಚಿತವಾದರೆ ಮುಂದಿನದನ್ನು ಯೋಚಿಸಬೇಕು. ಅಂತೂ ಮೊದಲು ನಿಜ ತಿಳಿಯಬೇಕು. ಫಿಲೊಮೆನಾಬಾಯಿಯನ್ನು ಕೇಳಬಹುದಿತ್ತು. ಕೇಳಲಿಲ್ಲ. ತಾನು ಕೊಟ್ಟ ಉಡುಗೊರೆಯಲ್ಲಿ ದೋಷವಿದೆಯೆಂದು ಯಾರು ಹೇಳುತ್ತಾರೆ? ಕೊಟ್ಟವರ ಮಾತು ಸಾಕ್ಷಿಯಲ್ಲ.

ಮರುದಿನ ಚನ್ನಬಸಪ್ಪನನ್ನು ಜತೆಗೆ ಕರೆದುಕೊಂಡು ಊರಿನ ಔಷಧದಂಗಡಿಗೆ ಹೋದೆ. ಅಂಗಡಿಯ ಮುದುಕರು ನಾಲ್ಕು ಭಾಷೆ ಓದಬಲ್ಲವರಂತೆ. ಕಪ್ಪು ಕೋಟು, ಕಿವಿಗೆ ದಾರ ಕಟ್ಟಿದ ಕನ್ನಡಕ. ನನ್ನ ಟಿಪ್ಪಣಿ ಪುಸ್ತಕವನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು. ಚನ್ನಬಸಪ್ಪ ಕನ್ನಡಕ್ಕೆ ತಂದ.

"ಬಾಳ ಛಲೋ ಮಾಲು ಅಂತ ಬರದದರಿ. ಒಣಾ ಜಾಗಾದಾಗ ಇಡ್ರಿ ಅಂತರಿ. ಯಾವುದೋ ಪ್ರದರ್ಶನದಾಗ ಪದಕ ಬಂದೈತಂತರಿ."

"ಒಳಗೆ ಏನೇನು ಹಾಕಿದ್ದಾರೆಂದು?"

"ಅದನ್ನ ಬರದಿಲ್ರಿ."

"ಕೋಳಿ ಏಕೆ?"

ಅವನು ಕೇಳಿದ. ಮುದುಕರು ನನ್ನನ್ನು ಕನ್ನಡಕದ ಮೇಲಿನಿಂದ ನೋಡಿ ಏನೋ ಕೇಳಿದರು.

"ಎಷ್ಟು ತಿಂದ್ರಿ, ಯಾವಾಗಿಂದ ನೋವು ಅಂತ ಕೇಳಾಕತ್ತಾರ್ರಿ ಮಾಸ್ತರ."

ನಾನು ವಿವರಿಸುವಷ್ಟರಲ್ಲಿ ಅವರು ಹೊಟ್ಟೆನೋವಿನ ಪುಡಿ ಮೂರು ಪೊಟ್ಟಣ ಕಟ್ಟಿಕೊಟ್ಟಾಗಿತ್ತು. ಹೊಟ್ಟೆ ಸರಿಯಿಲ್ಲವೆಂಬ ನನ್ನ ಸುಳ್ಳಿಗೆ ಔಷಧವೂ ದೊರೆತಂತಾಯಿತು. ಮುದ್ರಿತ ಅಕ್ಷರ ಅಷ್ಟಿದ್ದೂ, ತಿಳಿಯಬೇಕಾದ ಒಂದು ಮಾತನ್ನೂ ಅದು ಹೇಳದಿರುವುದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಬಂದರದ ಕಟ್ಟೆ

ಉಳಿದವನು ಇನಾಸ್. ಸಂಜೆ ಬಂದರದ ಕಟ್ಟೆಯ ಮೇಲೆ ಗಾಳ ಹಾಕಿ ಕೂತಿದ್ದ. ಅವನಿಗೆ ಮುಂಬಯಿಯ ಹಿಂದುಸ್ತಾನಿ ಬರುತ್ತಿತ್ತು, ನನಗೂ ಅರೆಬರೆ. ಅದನ್ನು ಕನ್ನಡದಲ್ಲಿ ಹೇಳುತ್ತೇನೆ.

"ಆ ತಿಂಡಿಯನ್ನು ಮಾಡುವುದನ್ನು ನೀನು ನೋಡಿದ್ದೀಯಾ?"

"ಇಲ್ಲ ಮಾಸ್ತರ. ತಿನ್ನುವುದನ್ನು ನೋಡಿದ್ದೇನೆ."

"ಅದರಲ್ಲಿ ಏನು ಹಾಕುತ್ತಾರೆ?"

ಅವನು ನನ್ನ ಕೈಯ ಪುಸ್ತಕವನ್ನೂ ಪೆನ್ಸಿಲನ್ನೂ ನೋಡಿದ. ಗಂಭೀರವಾಗಿ ಹೇಳಿದ: "ಬರೆದುಕೊಳ್ಳಿ. ತಿಮಿಂಗಿಲದ ಕೊಬ್ಬು ಒಂದು ಸೇರು. ಯಂತ್ರಕ್ಕೆ ಹಾಕುವ ಎಣ್ಣೆ ಅರ್ಧ ಸೇರು. ಕಪ್ಪು ಬಣ್ಣಕ್ಕೆ ಹಡಗಿನ ಕಲ್ಲಿದ್ದಲು."

ನಾನು ಬರೆದುಕೊಂಡೆ. ಎರಡನೆಯ ಸಾಲಿನವರೆಗೂ ಬರೆದುಕೊಂಡೆ. ಮೂರನೆಯದಕ್ಕೆ ಅವನಿಗೆ ನಗು ತಡೆಯಲಿಲ್ಲ, ಗಾಳದ ಕೋಲು ನೀರಿಗೆ ಬಿತ್ತು.

"ಮಾಸ್ತರ, ನಿಜ ನನಗೆ ಗೊತ್ತಿಲ್ಲ. ನಾನು ಹಡಗಿನಲ್ಲಿ ಮೀನು ಹುರಿಯುವವನು. ಇಷ್ಟೊಂದು ಕಷ್ಟವೇಕೆ? ಅಕ್ಕನನ್ನೇ ಕೇಳಿರಿ."

'ಅಕ್ಕ' ಎಂದರೆ ಅವನ ಅಕ್ಕ ಫಿಲೊಮೆನಾಬಾಯಿ ಎಂದು ತಿಳಿದೆ. ಹಾಸ್ಯ ಮಾಡುವವನು ಏನನ್ನೋ ಮುಚ್ಚಿಡುತ್ತಾನೆಂಬುದು ಶಾಲೆಯಲ್ಲಿ ನಾನು ಕಂಡ ಸತ್ಯ. ಹಿಂತಿರುಗುವಾಗ ನನ್ನ ಸಂಶಯ ಇಮ್ಮಡಿಯಾಗಿತ್ತು.

ಬಿಡಾರಕ್ಕೆ ಬಂದರೆ ಇನ್ನೊಂದು ಅನಾಹುತ ಕಾದಿತ್ತು. ಮರುದಿನ ನಾವು ಹೊರಡುವವರು. ಫಿಲೊಮೆನಾಬಾಯಿ ಅಕ್ಕನಿಗೆ ಎರಡು ಹೊಸ ಡಬ್ಬಿ ಕೊಟ್ಟುಬಿಟ್ಟಿದ್ದಳು.

"ಸಂಕ್ರಮಣಕ್ಕ ಆತು ತಮ್ಮಾ. ಕುಸುರೆಳ್ಳಿನ ಸಂಗಾಟ ಓಣ್ಯಾಗ ಎಲ್ಲಾರ್ಗೂ ಒಂದೊಂದು ಕೊಡೂದು. ನಮ್ಮ ಓಣ್ಯಾಗ ಯಾರು ತಿಂದಾರ ಇದನ್ನ?"

ನಮ್ಮ ಓಣಿಯಲ್ಲಿ ಮೂವತ್ತು ಮನೆ. ಅದರಲ್ಲಿ ಲಿಂಗಾರ್ಚನೆಯ ನೇಮದವರು ಅರ್ಧಕ್ಕೂ ಹೆಚ್ಚು. ನಾಳೆ ಯಾರಾದರೂ, ಇದರಲ್ಲಿ ಮೊಟ್ಟೆಯಿದೆ ಎಂದರೆ ಅಕ್ಕ ತಾನು ಕೆಟ್ಟದ್ದಲ್ಲದೆ ಓಣಿಯನ್ನೂ ಕೆಡಿಸಿದೆನೆಂದು ಕೊರಗಿ ಸಾಯುತ್ತಾಳೆ. ಆ ರಾತ್ರಿ ನಾನು ಊಟ ಮಾಡಲಿಲ್ಲ. ಹೊಟ್ಟೆ ನಿಜವಾಗಿಯೂ ಸರಿಯಿರಲಿಲ್ಲ.

ಹಿಂದಿರುಗುವ ಗಾಡಿ

ಗಡಿಯಲ್ಲಿ ನಮ್ಮ ಕಡೆಯ ಜಕಾತಿಯವರು ಕೇಳುವ ಮೊದಲೇ, ಪರದೇಶದ ತಿಂಡಿಯ ಎರಡು ಡಬ್ಬಿ ಇವೆಯೆಂದು ನಾನೇ ತಿಳಿಸಿದೆ. ಜಪ್ತಿಯಾದರೆ ಸಮಸ್ಯೆಯೇ ಪರಿಹಾರವಾಗುತ್ತದೆ ಎಂಬ ಆಸೆಯೂ ಇತ್ತು. ಅಧಿಕಾರಿ ನಮ್ಮವರೇ, ಬೆಳಗಾವಿಯ ಕಡೆಯವರು. ಅಕ್ಕನ ಹಣೆಯ ವಿಭೂತಿ ನೋಡಿದರು.

"ಏನ್ರವ್ವಾ ಇದು?"

"ಸಂಕ್ರಮಣದ ತಿಂಡಿರಿ ಯಪ್ಪಾ."

"ಒಯ್ರಿ, ಒಯ್ರಿ."

ನನ್ನ ಸತ್ಯಸಂಧತೆಗೆ ಸಿಕ್ಕ ಫಲ ಇಷ್ಟು. ಗಾಡಿ ಘಟ್ಟ ಹತ್ತುವಾಗ ನಾನು ಡಬ್ಬಿಯ ಚಿತ್ರವನ್ನು ತೋರಿಸಿ, ಮೆಲ್ಲಗೆ ಒಂದು ಮಾತು ಎತ್ತಿ ನೋಡಿದೆ: "ಇದರ ಮೇಲೆ ಕೋಳಿ ಏಕಿದೆ ಅಂತೀ ಅಕ್ಕಾ?"

"ಕಡ್ಡಿಪೆಟಿಗಿ ಮ್ಯಾಲೆ ಆನಿ ಇರತೈತಿ. ಒಳಗ ಆನಿ ಇರತೈತೇನೋ?" ಎಂದು ಅವಳು ನಿದ್ದೆಹೋದಳು.

ಧಾರವಾಡ, ಸಂಕ್ರಮಣ

ಹಬ್ಬದ ಹಿಂದಿನ ದಿನದವರೆಗೆ ಯೋಚಿಸಿದೆ. ಬೇರೆ ದಾರಿ ಕಾಣದೆ, ನಸುಕಿನಲ್ಲಿ ಅಕ್ಕ ಬಾವಿಗೆ ಹೋದಾಗ ಎರಡೂ ಡಬ್ಬಿಗಳನ್ನು ನನ್ನ ಹಳೆಯ ಉತ್ತರಪತ್ರಿಕೆಗಳ ಪೆಟ್ಟಿಗೆಯ ತಳದಲ್ಲಿಟ್ಟು ಬೀಗ ಹಾಕಿದೆ.

ಆ ದಿನ ನಮ್ಮ ಅಡಿಗೆಮನೆಯಲ್ಲಿ ಎದುರುಮನೆಯ ಕಲ್ಲವ್ವ ಕೂತು ಕುಸುರೆಳ್ಳು ಮಾಡುತ್ತಿದ್ದಳು. ಕೆಂಡದ ಮೇಲಿನ ತಾಟಿನಲ್ಲಿ ಎಳ್ಳು ಹಾಕಿ, ಸಕ್ಕರೆಯ ಪಾಕವನ್ನು ಹನಿಹನಿಯಾಗಿ ಬಿಟ್ಟು, ಬೆರಳಿನಿಂದ ಉರುಳಿಸುತ್ತ ಮುಳ್ಳು ಬರಿಸುವ ಕೆಲಸ. ಗಳಿಗೆ ಕೈಬಿಟ್ಟರೆ ಎಲ್ಲ ಗಂಟಾಗುತ್ತದೆ. ಆ ಕೈಗುಣ ಓಣಿಯಲ್ಲಿ ಅವಳೊಬ್ಬಳಿಗೇ ಇತ್ತು.

ಅಕ್ಕ ನೆಲುವು ನೋಡಿದಳು, ಗೋಡೆಯ ಮಾಡ ನೋಡಿದಳು. "ಕಲ್ಲವ್ವಾ, ಇಲ್ಲಿ ಎರಡು ಡಬ್ಬಿ ಇದ್ದೂ. ನೋಡಿದೇನ?"

ಕೇಳಿದ್ದು ಇಷ್ಟೇ. ಕಲ್ಲವ್ವನ ಬೆರಳು ತಾಟಿನಲ್ಲಿ ನಿಂತಿತು.

"ಮುಂಜಾನಿಂದ ಈ ಒಲಿ ಮುಂದ ನಾನೊಬ್ಬಾಕಿನ ಇದ್ದೀನಿ. ಅಂದ್ರ ನಾ ತೊಗೊಂಡೀನಿ ಅಂತೀಯೇನು?"

"ಅಯ್ಯ, ನಾ ಹಂಗ ಎಲ್ಲಿ ಅಂದೆ?"

"ಅನ್ನಲಿಲ್ಲ, ಕೇಳಿದಿ. ಬಡವರ ಕೂಡ ಕೇಳೂದೂ ಒಂದ, ಅನ್ನೂದೂ ಒಂದ." ಅವಳು ಸೀರೆಯ ಸಕ್ಕರೆ ಕೊಡವಿ ಎದ್ದಳು. "ನಲವತ್ತು ವರ್ಷ ಈ ಮನಿ ಹೊಸಲಿ ದಾಟೀನಿ. ಒಂದು ಉಪ್ಪಿನ ಹರಳ ಮುಟ್ಟಿಲ್ಲ. ಗುರುಬಸವ್ವಾ, ನಿನ್ನ ಎಳ್ಳು ನೀನ ಮಾಡಿಕೊ."

ಪಾಕ ತಾಟಿನಲ್ಲಿ ಗಟ್ಟಿಯಾಗತೊಡಗಿತು. ಕಲ್ಲವ್ವ ಹೊಸ್ತಿಲು ದಾಟುವುದರೊಳಗೆ ನಾನು ಅಡ್ಡ ನಿಂತೆ. ಕಿಸೆಯಿಂದ ಕೀಲಿ ತೆಗೆದು ಪೆಟ್ಟಿಗೆ ತೆರೆದೆ. ಉತ್ತರಪತ್ರಿಕೆಗಳ ಕೆಳಗಿನಿಂದ ಎರಡು ಡಬ್ಬಿಗಳನ್ನು ಹೊರಗಿಟ್ಟೆ. ಇಬ್ಬರು ಹೆಂಗಸರೂ ಕೋಳಿಯನ್ನು ನೋಡಿದರು, ನನ್ನನ್ನು ನೋಡಿದರು.

"ನೀ ಬಚ್ಚಿಟ್ಟಿದ್ದೇನೋ?" ಅಕ್ಕ ಕೇಳಿದಳು. "ತಿನ್ನಾಕ?"

ಇನ್ನು ಹೇಳದೆ ಇರುವಂತಿರಲಿಲ್ಲ. ಕಿಟಕಿಯಿಂದ ಔಷಧದಂಗಡಿಯವರೆಗೆ, ಕಟ್ಟೆಯಿಂದ ಗಡಿಯವರೆಗೆ ಕ್ರಮವಾಗಿ ಹೇಳಿದೆ. ಹೇಳುತ್ತ ಅವಳ ಮುಖವನ್ನೇ ನೋಡುತ್ತಿದ್ದೆ. ಯಾವ ಗಳಿಗೆಯಲ್ಲಿ ಬಿಳಿಚುವಳೋ, ಕೈ ಹಿಡಿಯಬೇಕಾದೀತೋ ಎಂದು ಹತ್ತಿರ ಸರಿದು ನಿಂತೆ.

ಅವಳು ಬಿಳಿಚಲಿಲ್ಲ. ಗೋಡೆಗೆ ಒರಗಿ ಕೂತು ನಗತೊಡಗಿದಳು.

"ಅಲ್ಲೋ ಹುಚ್ಚಪ್ಪಾ, ಅವತ್ತ ಆಕಿ ತಾಟು ತಂದಾಗ ನೀ ಕಿಟಕಿಗೆ ಮಾರಿ ಹಚ್ಚಿ ಕುಂತಿದ್ದಿ. ಆಗ ನಾ ಆಕಿನ್ನ ಕೇಳಲಿಲ್ಲೇನು? ಹೆಂಗ ಕೇಳಿದೆ ಅಂತೀ ಕಲ್ಲವ್ವಾ, ಹಿಂಗ!" ಎಂದು ಎರಡು ಕೈ ಕಂಕುಳಿಗೆ ಹಚ್ಚಿ ರೆಕ್ಕೆ ಬಡಿದು, ಕೊಕ್ಕೊಕ್ಕೋ ಎಂದು ಕೂಗಿ, ಕುಕ್ಕರಗಾಲಲ್ಲಿ ಎದ್ದು ಕೆಳಗೆ ತೋರಿಸಿದಳು. "ಆಕಿಗೆ ಲಗೂನ ತಿಳೀತು. 'ತಾಂತಿಂ' ಅಂದ್ಲು. ನಾವು ತತ್ತಿ ಅಂತೀವಿ, ಆಕಿ ತಾಂತಿಂ ಅಂತಾಳ. ತಾಟಿನಾಗಿನ ಕೇಕು ತೋರಿಸಿ, ಇದರಾಗ ಐತಿ ಅಂತ ತಾನ ತಗದು ಬಾಜೂಕ ಇಟ್ಟು ವಾಪಸ್ ಒಯ್ದಳು. ನಿನ್ನ ಕೈಯಾಗಿನ ಡಬ್ಬಿ ತೋರಿಸಿ, ನಾ ನಾ ಅಂತ ತಲಿ ಅಲ್ಲಾಡಿಸಿದ್ಲು. ತಾ ಕೊಟ್ಟದ್ದನ್ನ ತಾನ ವಾಪಸ್ ಒಯ್ಯಾಕಿ ಸುಳ್ಳು ಯಾಕ ಹೇಳತಾಳ?"

ಕಲ್ಲವ್ವ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಸಿಟ್ಟಿನ ನೀರೋ ನಗುವಿನ ನೀರೋ ತಿಳಿಯಲಿಲ್ಲ. "ಮಾಸ್ತರ್ರ, ನಿಮಗ ಓದಾಕ ಬರತೈತಿ, ಕೇಳಾಕ ಬರಂಗಿಲ್ಲ" ಎಂದಳು. ಅನಂತರ ಒಲೆಯ ಮುಂದೆ ಕೂತು, ಗಂಟಾದ ಎಳ್ಳನ್ನು ಬೆರಳಿನಿಂದ ಬಿಡಿಸತೊಡಗಿದಳು.

"ಆಕೆಗೆ ತನ್ನ ಅಡಿಗೆಮನೆಯದು ಗೊತ್ತಿರಬಹುದು" ಎಂದೆ ನಾನು. "ಕಾರಖಾನೆಯದು ಹೇಗೆ ಗೊತ್ತು?"

"ಹಂಗಾರ ಯಾರು ಹೇಳಿದ್ರ ನಿನಗ ಖರೇ?"

"ಮಾಡಿದವರು."

"ಮಾಡಿದವರನ್ನ ಕೇಳು. ನನಗ ಆಕಿ ಮಾತು ಸಾಕು. ಲಿಂಗಕ್ಕೂ ಸಾಕು."

ಮರುದಿನ ಹಬ್ಬದ ಸಂಜೆ ಓಣಿಯ ಮೂವತ್ತೂ ಮನೆಗೆ ತಾಟು ಹೋಯಿತು. ಎಳ್ಳು ಬೆಲ್ಲ ತೊಗೊಂಡು ಎಳ್ಳು ಬೆಲ್ಲದ್ಹಂಗ ಇರೋಣು ಎನ್ನುತ್ತ ಒಂದು ಚಮಚೆ ಕುಸುರೆಳ್ಳು, ಅದರ ಮೇಲೆ ಒಂದು ವೇಫರ್. ಮೊದಲನೆಯದನ್ನು ಅಕ್ಕ ಕಲ್ಲವ್ವನ ಬಾಯಿಗೇ ಹಾಕಿದಳು. ಓಣಿಯ ತುಂಬ ಕಟಕಟ ಸದ್ದು. ಪೂಜಾರಿ ಬಸಯ್ಯನವರು, ಎಂಬತ್ತರ ಮುದುಕರು, ಹಲ್ಲಿಲ್ಲದವರು, ಬಾಯಲ್ಲಿಟ್ಟುಕೊಂಡು ಅದು ಕರಗುವವರೆಗೂ ಕಣ್ಣು ತೆರೆಯಲಿಲ್ಲ. "ಇದು ಎಲ್ಲಿ ಸಿಗತೈತ್ರೀ?" ಎಂದು ಜನ ನನ್ನನ್ನೇ ಕೇಳಿದರು. ನಾನು ತಿಂದಿರಲಿಲ್ಲ.

ಅಕ್ಕ ಎರಡು ತುಂಡನ್ನು ಹಿತ್ತಾಳೆಯ ಕುಂಕುಮದ ಭರಣಿಯಲ್ಲಿಟ್ಟು ದೇವರ ಮಾಡದಲ್ಲಿ ಇಟ್ಟಳು. "ನಿನ್ನ ಪಾಲು. ನಿನ್ನ ಖರೇ ಬರೂತನಕ ಇರಲಿ."

ಕೊನೆಯ ಕಾಗದ

ಅದೇ ವಾರ, ಇನಾಸನ ಮೂಲಕ ಮಾಡಿದವರನ್ನೇ ಕೇಳಿಸೆಂದು ಚನ್ನಬಸಪ್ಪನಿಗೆ ಕಾಗದ ಬರೆದೆ. ಉತ್ತರವಾಗಿ ಅವನು ಬರೆದದ್ದು ಇಷ್ಟು: ಇನಾಸ್ ಹಡಗು ಹತ್ತುವ ಮೊದಲು ವಿಷಯ ಅವನಿಗೆ ತಿಳಿಸಿದೆ, ಅವನು ಬಹಳ ನಕ್ಕ. ಅಲ್ಲಿಗೆ ಆಸೆ ಬಿಟ್ಟೆ. ಬೇಸಿಗೆ ಬಂತು, ಹೋಯಿತು. ಮಾಡದ ಭರಣಿಯ ಕಡೆ ನಾನು ನೋಡುತ್ತಿರಲಿಲ್ಲ. ಅಕ್ಕ ಅದರ ಮಾತು ಎತ್ತುತ್ತಿರಲಿಲ್ಲ.

ಮಳೆ ಹಿಡಿದ ಜೂನಿನಲ್ಲಿ ಎರಡನೆಯ ಕಾಗದ ಬಂತು. ನಕ್ಕವನು ಮರೆತಿರಲಿಲ್ಲ. ಆ ಡಬ್ಬಿಯ ಊರಿನ ಬಂದರಕ್ಕೆ ಹಡಗು ಮುಟ್ಟಿದಾಗ, ತನಗೆ ಸಿಕ್ಕ ಒಂದೇ ದಿನದ ರಜೆಯಲ್ಲಿ ಇನಾಸ್ ಕಾರಖಾನೆ ಹುಡುಕಿಕೊಂಡು ಹೋಗಿದ್ದ. ಬಾಗಿಲಿನವರು ಮೊದಲು ಅವನನ್ನು ಕಳ್ಳನೆಂದು ತಡೆದರಂತೆ. ಹಿಂದೂಸ್ಥಾನದ ಒಬ್ಬ ಶಾಲೆಯ ಮಾಸ್ತರರು ಕೇಳಿಕಳಿಸಿದ್ದಾರೆ ಎಂದ ಮೇಲೆ ಒಳಗೆ ಬಿಟ್ಟು, ಒಂದು ಚೀಟಿ ಬರೆದುಕೊಟ್ಟರಂತೆ. ಔಷಧದಂಗಡಿಯ ಮುದುಕರು ಅದನ್ನು ಓದಿದರು. ಚನ್ನಬಸಪ್ಪ ಕನ್ನಡಕ್ಕೆ ಇಳಿಸಿದ್ದ: ಗೋಧಿ ಹಿಟ್ಟು, ಸಕ್ಕರೆ, ಕೋಕೋ, ತೆಂಗಿನ ಎಣ್ಣೆ, ಉಪ್ಪು. ಮೊಟ್ಟೆ ಹಾಕುವುದಿಲ್ಲ. ಕೆಳಗೆ ಫಿಲೊಮೆನಾಬಾಯಿ ಹೇಳಿ ಬರೆಯಿಸಿದ ಒಂದು ಸಾಲು: "ಗುರುಬಸವ್ವ ಅಕ್ಕನ ತಮ್ಮನ ಹೊಟ್ಟೆ ಈಗ ಹೇಗಿದೆ?"

ಕಾಗದವನ್ನು ಅಕ್ಕನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಆತಲ್ಲ? ಹಂಗಾರ ತಿನ್ನು. ಮೊದಲು ಲಿಂಗಕ್ಕ ತೋರಿಸು."

ಭರಣಿ ತೆಗೆದೆ. ವೇಫರ್ ಬೇಸಿಗೆಗೆ ಕರಗಿ, ಮತ್ತೆ ಹೆಪ್ಪುಗಟ್ಟಿ, ಮೂಲೆಗಳನ್ನು ಕಳೆದುಕೊಂಡಿತ್ತು. ಮೇಲೆ ಬೂದಿಯಂಥ ಬಿಳುಪು. ಮಳೆಯ ತಂಪಿಗೆ ಹಾಳೆಗಳು ತೊಯ್ದ ಕಾಗದದಂತಾಗಿದ್ದವು. ಲಿಂಗಕ್ಕೆ ಅರ್ಪಿಸಿ ಬಾಯಿಗೆ ಹಾಕಿಕೊಂಡೆ. ಸಿಹಿ ಇತ್ತು. ಅಕ್ಕ ಕೈ ನಿಲ್ಲಿಸಿ ಕಿವಿಗೊಟ್ಟಳು. ಸದ್ದು ಬರಲಿಲ್ಲ.

ಅದರಲ್ಲಿ ಮೊಟ್ಟೆ ಇರಲಿಲ್ಲ. ಗರಿಗರಿಯೂ ಉಳಿದಿರಲಿಲ್ಲ. ಎರಡನೆಯ ತುಂಡನ್ನೂ ಪೂರ್ತಿಯಾಗಿ ತಿಂದೆ. ಹೀಗೆ ಈ ವಿಷಯ ೧೯೩೭ನೆಯ ಇಸವಿ, ಜೂನ್ ತಿಂಗಳ ೨೨ನೆಯ ತಾರೀಖು, ಮಂಗಳವಾರದಂದು ಇತ್ಯರ್ಥವಾಯಿತು.